ಅಪ್ಪ ತೆಗೆದ ಪೆಟ್ಟಿಗೆಯ ನಕ್ಷೆ

ಇಚಲಕರಂಜಿಯ ನಮ್ಮ ಮನೆಯಲ್ಲಿ ಪ್ರತಿ ವಸ್ತುವಿಗೂ ಒಂದು ಜಾಗವಿತ್ತು. ಆ ಜಾಗ ಬಿಟ್ಟು ಅದು ಗೇಣಿನಷ್ಟೂ ಸರಿಯುವಂತಿರಲಿಲ್ಲ. ತಂಬಿಗೆ ಹಂಡೆಯ ಎಡಕ್ಕೆ. ಚಪ್ಪಲಿ ಹೊಸ್ತಿಲ ಬಲಕ್ಕೆ, ಹಿಮ್ಮಡಿ ಗೋಡೆಗೆ ತಾಗಿರಬೇಕು. ಪಡಸಾಲೆಯ ಕುರ್ಚಿ ಕಿಟಕಿಯ ಕೆಳಗೆ, ಕಸಬರಿಗೆ ಅಡುಗೆಮನೆಯ ಬಾಗಿಲ ಹಿಂದೆ. ಊಟದ ತಾಟಿಗೂ ಇದೇ ಕಟ್ಟಳೆ. ರೊಟ್ಟಿ ಮುಂದೆ, ಪಲ್ಯ ಬಲಕ್ಕೆ, ಚಟ್ನಿ ಎಡಕ್ಕೆ, ಉಪ್ಪು ಆಚೆಯ ಅಂಚಿಗೆ. ಒಮ್ಮೆ ನಾನು ಬಡಿಸುವಾಗ ಚಟ್ನಿಯನ್ನು ಬಲಕ್ಕೆ ಇಟ್ಟಿದ್ದೆ. ಅಪ್ಪ ತುತ್ತು ಬಾಯಿಗಿಟ್ಟವರು ಕೆಮ್ಮಿ, ನೀರು ಕುಡಿದು, ತಾಟನ್ನು ದೂರ ಸರಿಸಿ ಎದ್ದುಬಿಟ್ಟರು. ಅವ್ವ ನನ್ನನ್ನು ಬೈಯಲಿಲ್ಲ. ಇನ್ನೊಂದು ತಾಟಿಗೆ ಮೊದಲಿನಿಂದ ಬಡಿಸಿ ಅವರನ್ನು ಕರೆದು ಕೂರಿಸಿದಳು. ಇಷ್ಟಕ್ಕೆ ಇಷ್ಟೊಂದು ಸಿಟ್ಟೇ ಎಂದು ನನಗೆ ತಿಳಿಯಲಿಲ್ಲ. ಈ ಕಟ್ಟಳೆಗಳು ನಾನು ಚಿಕ್ಕವಳಿದ್ದಾಗ ಅಷ್ಟು ಬಿಗಿಯಾಗಿರಲಿಲ್ಲ ಎಂಬುದು ಮಾತ್ರ ಮಸುಕಾಗಿ ನೆನಪಿತ್ತು. ವರ್ಷದಿಂದ ವರ್ಷಕ್ಕೆ ಅವು ಬಿಗಿಯಾಗುತ್ತ ಹೋದವು, ನಾನು ಅವುಗಳೊಳಗೇ ಬೆಳೆದೆ. ಈಗಲೂ ನನ್ನ ಮನೆಗೆ ಬಂದವರು ಕುರ್ಚಿ ಎಳೆದು ಕೂತರೆ, ಅವರು ಎದ್ದ ಕೂಡಲೇ ನಾನು ಅದನ್ನು ಮೊದಲಿನ ಜಾಗಕ್ಕೆ ತಳ್ಳುತ್ತೇನೆ. ಇದು ಸ್ವಭಾವವೋ ಕಲಿತದ್ದೋ ಎಂದು ಕೇಳಿದರೆ ನಾನು ಒಂದು ಮರದ ಪೆಟ್ಟಿಗೆಯ ಕತೆಯನ್ನೇ ಹೇಳಬೇಕಾಗುತ್ತದೆ.

ಅಪ್ಪ ಸೀರೆಯ ದಡಿಗಳ, ಅಂದರೆ ಅಂಚುಗಳ, ನಕ್ಷೆ ತೆಗೆಯುತ್ತಿದ್ದರು. ಊರೆಲ್ಲ ಅವರನ್ನು ನಕ್ಷೆ ಮಾಸ್ತರ ಎನ್ನುತ್ತಿತ್ತು. ಚೌಕಳಿ ಕಾಗದದ ಮೇಲೆ ಒಂದೊಂದೇ ಮನೆಗೆ ಕೆಂಪು ಶಾಯಿ ತುಂಬಿ ಮಾವು, ಬಳ್ಳಿ, ನವಿಲುಗಳನ್ನು ಮೂಡಿಸುವ ಕೆಲಸ ಅದು. ತುಂಬಿದ ಮನೆಯೆಂದರೆ ದಾರ ಏಳುತ್ತದೆ, ಖಾಲಿ ಮನೆಯೆಂದರೆ ದಾರ ಇಳಿಯುತ್ತದೆ. ಆ ಕಾಗದ ನೋಡಿಕೊಂಡು ಕಾರ್ಡು ಹೊಡೆಯುವವರು ರಟ್ಟಿನ ಕಾರ್ಡಿಗೆ ತೂತು ಹೊಡೆಯುತ್ತಿದ್ದರು, ಕಾರ್ಡು ಮಗ್ಗ ಏರುತ್ತಿತ್ತು. ನಕ್ಷೆಗೆ ಎದುರಾಡುವ ಪದ್ಧತಿ ನಮ್ಮ ಊರಿನಲ್ಲಿ ಇರಲಿಲ್ಲ. ಕಾಗದದಲ್ಲಿ ಇದ್ದದ್ದು ಬಟ್ಟೆಯಲ್ಲಿ ಬರಬೇಕು, ಅಷ್ಟೇ. ಆ ವರ್ಷ ದಸರೆ ಕಳೆದ ಮೇಲೆ ಅಪ್ಪನಿಗೆ ಕೆಲಸ ಕೊಡುತ್ತಿದ್ದ ಸಾವಕಾರರು ಮನೆಗೆ ಬಂದು, ಇತ್ತೀಚಿನ ಮಾವುಗಳು ಯಾಕೋ ಕುಳ್ಳಗೆ, ಹೊಟ್ಟೆ ಉಬ್ಬಿದ ಹಾಗೆ ಬರುತ್ತಿವೆ ಎಂದರು. ಕೊಲ್ಹಾಪುರದಲ್ಲಿ ಒಬ್ಬ ಹುಡುಗ ಒಳ್ಳೆಯ ನಕ್ಷೆ ತೆಗೆಯುತ್ತಾನಂತೆ ಎಂದೂ ಸೇರಿಸಿದರು.  ಅದಕ್ಕೆ ಉತ್ತರ ಕೊಟ್ಟವನು ಅಪ್ಪನ ತಮ್ಮ, ನಮ್ಮ ಬಸು ಕಾಕಾ. ಅವನು ಕೊಲ್ಹಾಪುರದಲ್ಲಿ ರೇಡಿಯೋ, ಟಿವಿ ದುರಸ್ತಿಯ ಅಂಗಡಿಯಲ್ಲಿದ್ದ, ಹಬ್ಬಕ್ಕೆಂದು ಊರಿಗೆ ಬಂದಿದ್ದ.

"ಸಾವಕಾರ, ದೀಪಾವಳಿ ಪಾಡವ್ಯಾಕ ಒಮ್ಮೆ ಬರ್‍ರಿ. ನಮ್ಮ ಅಣ್ಣಾ ಕಂಪ್ಯೂಟರ್‌ದಾಗ ದಡಿ ತಗದ ತೋರಸ್ತಾನ. ಆ ಹುಡುಗನ ಕೈಲೆ ಅದು ಆಗಂಗಿಲ್ಲ."

"ಏನ ಮಾಸ್ತರ, ಖರೇನ?" ಎಂದು ಸಾವಕಾರರು ಅಪ್ಪನ ಕಡೆ ತಿರುಗಿದರು.

"ಅಂವ ಹೇಳ್ಯಾನಲ್ರಿ, ಇರಬೇಕು" ಎಂದರು ಅಪ್ಪ.

ಪಾಡವ್ಯಾದ, ಅಂದರೆ ಬಲಿಪಾಡ್ಯಮಿಯ, ದಿನ ತೋರಿಸಿದರೆ ನಕ್ಷೆಯ ಕೆಲಸ ನಮ್ಮ ಮನೆಯಲ್ಲಿ ಉಳಿಯುತ್ತದೆ, ಇಲ್ಲವಾದರೆ ಕೊಲ್ಹಾಪುರಕ್ಕೆ ಹೋಗುತ್ತದೆ ಎಂದು ಅವತ್ತು ಮಾತಾಯಿತು. ಕಂಪ್ಯೂಟರ್ ಎಂದರೇನೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನು ಎಂಟನೇ ಇಯತ್ತೆಯಲ್ಲಿದ್ದೆ. ನಮ್ಮ ಮರಾಠಿ ಶಾಲೆಯ ಮಾಸ್ತರರು ಅದು ಮನುಷ್ಯನ ಹಾಗೆ ಯೋಚಿಸುತ್ತದೆ ಎಂದಿದ್ದರು. ಕಾಕಾ ಮುಂಬಯಿಯಿಂದ ತರಿಸಿದ್ದನ್ನು ಪತ್ರಿಕೆಯಲ್ಲಿ ಸುತ್ತಿ ತಂದು ಮೇಜಿನ ಮೇಲೆ ಬಿಚ್ಚಿದಾಗ ಕಂಡದ್ದು ಒಂದು ಹಸಿರು ಹಲಗೆ. ಅದರ ಮೇಲೆ ಕರಿಯ ಜೇಡಗಳಂಥ ತುಂಡುಗಳು, ಪಕ್ಕದಲ್ಲಿ ಅಕ್ಷರದ ಗುಂಡಿಗಳ ಸಾಲು, ನಡುವೆ ವಯರು. ಮೈಯಿಲ್ಲ, ಮುಚ್ಚಳವಿಲ್ಲ.

"ಇದು ಪೂರಾ ಬಂದಿಲ್ಲ ಕಾಣತೈತಿ" ಎಂದಳು ಅವ್ವ.

"ಪೂರಾ ಬಂದೈತಿ ವೈನಿ. ಪೆಟಗಿ ಇಲ್ಲದ್ದು ತಗೊಂಡ್ರ ಸಸ್ತಾ. ಪೆಟಗಿ ನಾವ ಮಾಡಬೇಕು."

"ಮತ್ತ ಇದರಾಗ ಯೋಚನಿ ಮಾಡೂದು ಯಾವುದು?"

ಕಾಕಾ ಒಂದು ಜೇಡವನ್ನು ತೋರಿಸಿದ. ಅವ್ವ ಬಗ್ಗಿ ನೋಡಿ, "ಇಷ್ಟ ಸಣ್ಣ ತಲಿ" ಎಂದು ಒಳಗೆ ಹೋದಳು.

ಅದನ್ನು ಟಿವಿಗೆ ಜೋಡಿಸಿದಾಗ ಕಪ್ಪು ಪರದೆಯ ಮೇಲೆ ಬಿಳಿಯ ಚೌಕಗಳು ಮೂಡಿದವು. ಕಾಕಾ ಗುಂಡಿ ಒತ್ತಿದಂತೆ ಚೌಕ ತುಂಬುತ್ತಿತ್ತು, ಖಾಲಿಯಾಗುತ್ತಿತ್ತು. ಅಪ್ಪ ಪರದೆಯ ಹತ್ತಿರ, ಬಹಳ ಹತ್ತಿರ ಹೋಗಿ ನಿಂತಿದ್ದರು. ಎರಡನೆಯ ದಿನ ಅದು ಸತ್ತಂತೆ ಸುಮ್ಮನಾಯಿತು. ಕಾಕಾ ನೋಡಿದರೆ ಹಲಗೆಯ ಮೇಲೆಲ್ಲ ಹತ್ತಿಯ ಧೂಳು ಕೂತಿತ್ತು. ನಮ್ಮ ಓಣಿಯಲ್ಲಿ ಮನೆಗೊಂದು ಮಗ್ಗದ ಶೆಡ್ಡು. ಹತ್ತಿಯ ನವಿರು ನಮ್ಮ ಹಾಲಿನಲ್ಲಿ, ಹಾಸಿಗೆಯಲ್ಲಿ, ಹುಬ್ಬಿನಲ್ಲಿ ಕೂರುತ್ತಿತ್ತು. ಕುಂಚದಿಂದ ಒರೆಸಿದ ಮೇಲೆ ಯಂತ್ರ ಬದುಕಿತು. ಆದರೆ ಪೆಟ್ಟಿಗೆಯಿಲ್ಲದೆ ಅದು ಪಾಡವ್ಯಾದವರೆಗೆ ಬಾಳುವುದಿಲ್ಲ ಎಂಬುದು ಎಲ್ಲರಿಗೂ ತಿಳಿಯಿತು. ಆ ಇಡೀ ವ್ಯವಹಾರದಲ್ಲಿ ನಮಗೆ ಸ್ಪಷ್ಟವಾಗಿ ಅರ್ಥವಾದದ್ದು ಅದೊಂದೇ.

"ನಕ್ಷಾ ನಾ ತಗೀತೇನಿ" ಎಂದರು ಅಪ್ಪ.

ಗಡಹಿಂಗ್ಲಜದ ಅಜ್ಜಿಯ ಮನೆಯಲ್ಲಿ ಕಾಳಿನ ಕೋಣೆಗೆ ಹಾಕಿದ್ದ ಹಳೆಯ ಸಾಗವಾನಿಯ ಅಡ್ಡಹಲಗೆಗಳಿದ್ದವು. ಕಾಕಾ ಹೋಗಿ ಅವನ್ನು ಎಸ್‌ಟಿ ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದ. ಅಪ್ಪನ ಸ್ನಾನ, ಲಿಂಗಪೂಜೆ, ರೊಟ್ಟಿ, ಆಮೇಲೆ ಕಪಾಟು. ಅವತ್ತೂ ಈ ಕ್ರಮ ತಪ್ಪಲಿಲ್ಲ. ಕಪಾಟಿನಲ್ಲಿ ಎರಡು ಬಗೆಯ ಕಾಗದದ ಕಟ್ಟುಗಳು ಎರಡು ಅರೆಗಳಲ್ಲಿ ಇರುತ್ತಿದ್ದವು. ಅವನ್ನು ಅಪ್ಪನಲ್ಲದೆ ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಅವರು ಕೆಳಗಿನ ಅರೆಯಿಂದ ಒಂದು ಹಾಳೆ ಎಳೆದು, ಮೇಜಿನ ಮೇಲೆ ಹಾಸಿ, ಅಂಗೈಯಿಂದ ಸವರಿದರು. ಕಾಕಾ ಹಸಿರು ಹಲಗೆಯ ಅಳತೆ ಹೇಳುತ್ತ ಹೋದ. ಅಪ್ಪ ದಪ್ಪ ಗೆರೆಗಳನ್ನು ಎಣಿಸುತ್ತ, ಒಂದು ದಪ್ಪ ಗೆರೆಗೆ ಒಂದು ಇಂಚು ಎಂದು ಹಿಡಿದು ಪೆಟ್ಟಿಗೆಯ ತಳ, ಬದಿ, ಗುಂಡಿಗಳ ಕಿಂಡಿ, ವಯರಿನ ತೂತು ಎಲ್ಲವನ್ನೂ ನಿಜದ ಅಳತೆಯಲ್ಲೇ ಬರೆದರು. ಗಾಳಿಗೆಂದು ಬಿಟ್ಟ ಸಂದಿಗಳನ್ನು ಕೂಡ ಎಲೆಯ ಆಕಾರದಲ್ಲಿ ತೆಗೆದರು. ಸಂದಿಗೆ ಒಳಗಿನಿಂದ ತೆಳುವಾದ ಮಲಮಲ್ ಬಟ್ಟೆ ಅಂಟಿಸಬೇಕು, ಗಾಳಿ ಬರಬೇಕು, ಧೂಳು ಬರಬಾರದು. ಅಷ್ಟು ಸಂತೋಷದಲ್ಲಿ ಅಪ್ಪನನ್ನು ನಾನು ಬಹಳ ದಿನಗಳಿಂದ ಕಂಡಿರಲಿಲ್ಲ.

ಮಗ್ಗದ ಸಾಮಾನು ಮಾಡುವ ಮಾರುತಿ ಮೇಸ್ತ್ರಿಯ ಬಳಿಗೆ ನಕ್ಷೆ ಹೋಯಿತು. ಅವನು ಕಾಗದವನ್ನು ಹಲಗೆಯ ಮೇಲೆ ಹಾಸಿ, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ ಗುರುತು ಮಾಡಿಕೊಳ್ಳುತ್ತಿದ್ದ. ನಕ್ಷೆ ಹೇಗಿದೆಯೋ ಹಾಗೆ.

"ಮಾಸ್ತರ, ಇದರಾಗ ಏನ ಇಡಾವರು?"

"ಲೆಕ್ಕ ಮಾಡೂ ಯಂತ್ರ."

"ಲೆಕ್ಕಕ್ಕ ಇಷ್ಟು ಖಿಡಕಿ ಯಾಕರಿ? ಓಡಿ ಹೋಗತಾವೇನ?"

ಪೆಟ್ಟಿಗೆ ಬಂತು. ನೋಡಲು ಚೆಂದವಾಗಿತ್ತು. ಕಾಕಾ ಹಸಿರು ಹಲಗೆಯನ್ನು ಇಳಿಸಿದ. ಅಗಲಕ್ಕೆ ಸರಿಯಾಗಿ ಕೂತಿತು. ಆದರೆ ಹಿಂದಿನಿಂದ ಮುಂದಕ್ಕೆ ಪೆಟ್ಟಿಗೆ ಗಿಡ್ಡವಾಗಿತ್ತು. ಹಲಗೆ ಅರ್ಧ ಇಳಿದು, ಮೂಗು ಹೊರಗೆ ಚಾಚಿಕೊಂಡು ನಿಂತಿತು. ಕಾಕಾ ತಿರುಗಿಸಿದ, ಓರೆ ಮಾಡಿದ, ಅವ್ವನನ್ನು ಕರೆದು ಇನ್ನೊಂದು ಬದಿ ಹಿಡಿಯಲು ಹೇಳಿದ. ತಪ್ಪು ಮೇಸ್ತ್ರಿಯದು ಎಂದಾಯಿತು. ಮೇಸ್ತ್ರಿ ನಕ್ಷೆಯನ್ನು ಪೆಟ್ಟಿಗೆಯ ಮೇಲೆ ಹಾಸಿ ತೋರಿಸಿದ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಹಾಗಾದರೆ ತಪ್ಪು ಅಳತೆ ಹೇಳಿದವನದು. ಕಾಕಾ ಅಳತೆಪಟ್ಟಿ ತಂದು ಎಲ್ಲರ ಎದುರು ಹಲಗೆಯನ್ನು ಅಳೆದ. ಅವನು ಹೇಳಿದ್ದೂ ಸರಿಯಾಗಿತ್ತು. ಅಪ್ಪ ಎರಡನೆಯ ನಕ್ಷೆ ತೆಗೆದರು, ಎಣಿಸುವಾಗ ಈ ಸಲ ಗಟ್ಟಿಯಾಗಿಯೇ ಎಣಿಸಿದರು. ನಾವೆಲ್ಲ ಕೇಳಿದೆವು, ಎಣಿಕೆ ತಪ್ಪಲಿಲ್ಲ. ಎರಡನೆಯ ಪೆಟ್ಟಿಗೆಯೂ ಅಷ್ಟೇ ಗಿಡ್ಡವಾಗಿ ಬಂತು.

"ಅಣ್ಣಾ, ನಿನ್ನ ನಕ್ಷಾದಾಗ ಏನೋ ಐತಿ."

"ನನ್ನ ನಕ್ಷಾ ಇಪ್ಪತ್ತ ವರ್ಷ ಮಗ್ಗ ಏರೈತಿ. ನಿನ್ನ ಯಂತ್ರ ನಿನ್ನೆ ಬಂದೈತಿ."

"ಯಂತ್ರ ಬೆಳೀತಾವೇನ ಹಂಗಾದ್ರ?"

"ಬೆಳದಿರಬೇಕು. ಯೋಚನಿ ಮಾಡತೈತಿ ಅಂತೀಯಲ್ಲ, ಬೆಳಿಯಾಕ ಏನ."

ಇದನ್ನು ಅಪ್ಪ ತಮಾಷೆಗೆ ಹೇಳಲಿಲ್ಲ. ಅವರ ಮುಖದಲ್ಲಿ ನಾನು ಮೊದಲ ಸಲ ಕಂಗಾಲನ್ನು ಕಂಡೆ. ಎಲ್ಲವೂ ಸರಿಯಿದ್ದು ಒಟ್ಟಿನಲ್ಲಿ ತಪ್ಪಾಗುವುದು ಹೇಗೆ? ಕಟ್ಟುನಿಟ್ಟಾದ ಮನೆಯಲ್ಲಿ ಬೆಳೆದ ನನಗೆ ಇದು ಲೆಕ್ಕದ ಪ್ರಶ್ನೆಯಷ್ಟೇ ಆಗಿ ಉಳಿಯಲಿಲ್ಲ. ಕಾಲ ಕೆಳಗಿನ ಫರಸಿ ಕಲ್ಲು ಅಲುಗಿದ ಹಾಗಾಯಿತು. ಮೂರು ಹೊತ್ತಿನ ಊಟದಲ್ಲೂ ಪೆಟ್ಟಿಗೆಯದೇ ಮಾತು. ಅಣ್ಣತಮ್ಮಂದಿರು ಒಬ್ಬರಿಗೊಬ್ಬರು ಬೆನ್ನು ಹಾಕಿ ರೊಟ್ಟಿ ಮುರಿಯತೊಡಗಿದರು. ಪಾಡವ್ಯಾ ಹತ್ತಿರ ಬರುತ್ತಿತ್ತು.

ಶಾಲೆಯಿಂದ ಬಂದು ನಾನು ರೇಖಾಗಣಿತದ ಪಾಠ ಬರೆಯಲು ಕೂತಿದ್ದೆ. ನನ್ನ ಗ್ರಾಫ್ ಕಾಗದಕ್ಕೆ ಮೇಜಿನ ತರಿ ತಾಗದಿರಲೆಂದು ಅಪ್ಪನ ಎರಡನೆಯ ನಕ್ಷೆಯನ್ನೇ ಅದರ ಕೆಳಗೆ ಹಾಸಿಕೊಂಡಿದ್ದೆ. ಕಿಟಕಿಯ ಬಿಸಿಲು ಎರಡೂ ಹಾಳೆಗಳ ಮೇಲೆ ಬಿದ್ದಾಗ ಕೆಳಗಿನ ದಪ್ಪ ಗೆರೆಗಳು ಮೇಲಿನ ಹಾಳೆಯಲ್ಲಿ ಕಾಣಿಸಿದವು. ಅಡ್ಡಕ್ಕೆ ಗೆರೆಯ ಮೇಲೆ ಗೆರೆ ಕೂತಿತ್ತು. ಉದ್ದಕ್ಕೆ ಕೂತಿರಲಿಲ್ಲ. ನನ್ನದರಲ್ಲಿ ಮನೆಗಳು ಸರಿಚೌಕ, ಅಪ್ಪನದರಲ್ಲಿ ಚಪ್ಪಟೆ. ಅದು ನೇಯ್ಗೆಯ ಕಾಗದ. ಬಟ್ಟೆಯಲ್ಲಿ ಹಾಸಿನ ಎಳೆಗಳೂ ಹೊಕ್ಕಿನ ಎಳೆಗಳೂ ಒಂದೇ ದಟ್ಟಣೆಯಲ್ಲಿ ಇರುವುದಿಲ್ಲ. ಅದಕ್ಕೆ ತಕ್ಕಂತೆ ಆ ಕಾಗದದ ಮನೆಗಳ ಉದ್ದ, ಅಗಲವೂ ಬೇರೆ ಬೇರೆ. ಎಣಿಸಿದರೆ ಸರಿಯೇ ಬರುತ್ತದೆ, ಅಳೆದರೆ ಕಡಿಮೆ ಬರುತ್ತದೆ. ಪೆಟ್ಟಿಗೆಗೆ ಬೇಕಾದದ್ದು ಸರಿಚೌಕದ ಕಾಗದ. ಅದೂ ಅಪ್ಪನ ಕಪಾಟಿನಲ್ಲಿಯೇ ಇತ್ತು. ಎರಡರ ವ್ಯತ್ಯಾಸ ನನಗೆ ಕಣ್ಣಿಗೆ ಹೊಡೆಯುವಂತೆ ಕಾಣುತ್ತಿತ್ತು. ಇಪ್ಪತ್ತು ವರ್ಷ ಆ ಕಾಗದದ ಮೇಲೆಯೇ ಬದುಕಿದವರಿಗೆ ಕಾಣಲಿಲ್ಲವೇ? ಇದು ಉತ್ತರವಾಗದೆ ಇನ್ನೂ ದೊಡ್ಡ ಗೊಂದಲವಾಯಿತು. ನಾನು ಎರಡೂ ಹಾಳೆ ಹಿಡಿದು ಪಡಸಾಲೆಗೆ ಹೊರಟೆ. ಅಡುಗೆಮನೆಯ ಬಾಗಿಲಲ್ಲಿ ಅವ್ವ ನನ್ನ ರಟ್ಟೆ ಹಿಡಿದಳು.

"ಎಲ್ಲಿ ಹೊಂಟಿ?"

"ಅಪ್ಪಾ ಕಾಗದ ತಪ್ಪಿ ತಗೊಂಡಾರ. ನೋಡು."

ಅವ್ವ ಹಾಳೆಗಳನ್ನು ನೋಡಲಿಲ್ಲ. ನನ್ನ ಮುಖ ನೋಡಿದಳು. ಒಳಗೆ ಎಳೆದುಕೊಂಡು ಬಾಗಿಲು ಅರ್ಧ ಮುಂದೂಡಿದಳು.

"ಗಣಪತಿ ಹಬ್ಬಕ್ಕ ಸುಣ್ಣಾ ಹಚ್ಚೂಮುಂದ ಕಪಾಟ ಖಾಲಿ ಮಾಡಿದ್ನಿ. ತಿರಗಿ ಇಡೂಮುಂದ ಮ್ಯಾಲಿಂದು ಕೆಳಗ, ಕೆಳಗಿಂದು ಮ್ಯಾಲ ಆಗೈತಿ. ತಪ್ಪು ನಂದು."

"ಆದ್ರ ನೋಡಿದ್ರ ಗೊತ್ತಾಗತೈತಲ್ಲವ್ವಾ."

"ನೋಡಿದ್ರ ಗೊತ್ತಾಗತೈತಿ" ಎಂದಳು ಅವ್ವ. ದನಿ ತಗ್ಗಿಸಿ, "ಅವರು ಜಾಗಾದ ಮ್ಯಾಲ ತಗೋತಾರ, ನೋಡಿ ತಗೊಳ್ಳಂಗಿಲ್ಲ" ಎಂದಳು.

ನನಗೆ ಆಗಲೂ ತಿಳಿಯಲಿಲ್ಲ. ಅವಳೇ ಬಿಡಿಸಿ ಹೇಳಬೇಕಾಯಿತು. ಅಪ್ಪ ಮಿರಜಿಗೆ ಹೋಗಿ ಕಣ್ಣು ತೋರಿಸಿ ಬಂದಿದ್ದರಂತೆ. ಕಣ್ಣಿನ ಒಳಪರದೆ ಸವೆಯುತ್ತ ಬಂದಿದೆ, ಚಷ್ಮೆಗೆ ಬಗ್ಗುವಂಥದ್ದಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ದಪ್ಪ ಗೆರೆ ಕಾಣುತ್ತದೆ, ಸಣ್ಣ ಗೆರೆಗಳು ಒಂದರೊಳಗೊಂದು ಕರಗುತ್ತವೆ. ಮಾವು, ಬಳ್ಳಿಗಳನ್ನು ಅವರು ನೆನಪಿನಿಂದಲೇ ತುಂಬುತ್ತಿದ್ದಾರೆ. ಯಾರಿಗೂ ಹೇಳಕೂಡದೆಂದು ಅವ್ವನಿಂದ ಲಿಂಗ ಮುಟ್ಟಿಸಿ ಮಾತು ತೆಗೆದುಕೊಂಡಿದ್ದಾರೆ. ಅವಳು ಹೇಳುತ್ತಿದ್ದಂತೆ ನನ್ನ ಕಣ್ಣ ಮುಂದೆ ಮನೆ ಒಂದೊಂದೇ ಸಾಮಾನಾಗಿ ತಿರುಗಿತು. ಎಡದ ತಂಬಿಗೆ, ಬಲದ ಚಪ್ಪಲಿ, ತಾಟಿನ ಚಟ್ನಿ. ನಾನು ಶಿಸ್ತು ಎಂದುಕೊಂಡದ್ದರ ಮೇಲೆ ಅಪ್ಪ ಕೈಯಾಡಿಸಿಕೊಂಡು ನಡೆಯುತ್ತಿದ್ದರು. ಅವ್ವ ಆ ದಾರಿಯನ್ನು ದಿನವೂ ಗುಡಿಸಿ, ಸಾರಿಸಿ ಇಡುತ್ತಿದ್ದಳು. ವರ್ಷಕ್ಕೊಮ್ಮೆ ಸುಣ್ಣ ಹಚ್ಚುವ ಗದ್ದಲದಲ್ಲಿ ಒಂದು ಕಡೆ ಅವಳ ಕೈ ತಪ್ಪಿತ್ತು. ಕುಳ್ಳ ಮಾವುಗಳಿಗೂ ಕಾರಣ ಅದೇ. ಸರಿಚೌಕದ ಕಾಗದದ ಮೇಲೆ ಮನೆ ಎಣಿಸದೆ, ಕೈಯ ರೂಢಿಯಲ್ಲಿ ಬರೆದ ಮಾವು ಬಟ್ಟೆಗೆ ಇಳಿದಾಗ ಚಪ್ಪಟೆಯಾಗುತ್ತಿತ್ತು. ಇದೆಲ್ಲ ಈಗ ಒಂದೊಂದಾಗಿ ಬರೆಯಲು ಬರುತ್ತದೆ. ಆಗ ನನಗೆ ಅಳು ಬಂತೋ, ಸಿಟ್ಟು ಬಂತೋ ಎಂಬುದೂ ಗೊತ್ತಾಗಲಿಲ್ಲ. ಇಷ್ಟು ವರ್ಷ ನಾನು ಹೆದರಿದ್ದು ಯಾವುದಕ್ಕೆ ಎಂದು ಯೋಚಿಸುತ್ತ ಹಿಟ್ಟಿನ ಡಬ್ಬಿಯ ಮೇಲೆ ಕೂತಿದ್ದೆ.

ಮರುದಿನ ಅಪ್ಪ ಸ್ನಾನಕ್ಕೆ ಹೋದಾಗ ಅವ್ವ ಕಟ್ಟುಗಳನ್ನು ಮೊದಲಿನ ಅರೆಗಳಿಗೆ ಇಟ್ಟಳು. ರೊಟ್ಟಿ ಬಡಿಸುತ್ತ, "ಇನ್ನೊಮ್ಮೆ ತಗದ ನೋಡ್ರಿ" ಎಂದಳು. ಅಪ್ಪ ಮೂರನೆಯ ಸಲ ಅದೇ ಎಣಿಕೆ ಎಣಿಸಿದರು. ಮಾರುತಿ ಮೇಸ್ತ್ರಿ ಉಳಿದ ಹಲಗೆಯಲ್ಲಿ ಮರುದಿನವೇ ಮೂರನೆಯ ಪೆಟ್ಟಿಗೆ ಮಾಡಿ ತಂದ. ಹಸಿರು ಹಲಗೆ ಅದರೊಳಗೆ ತೊಟ್ಟಿಲ ಕೂಸಿನಂತೆ ಇಳಿಯಿತು. ಕಾಕಾ ಅಳತೆಪಟ್ಟಿ ಹಿಡಿದು ಪೆಟ್ಟಿಗೆಯ ಸುತ್ತ ತಿರುಗಿದ.

"ಅದ ಅಳತಿ, ಅದ ಎಣಿಕಿ. ಈಗ ಹೆಂಗ ಹಿಡೀತು?"

"ಗಡಹಿಂಗ್ಲಜ ಕಟಗೀರಿ" ಎಂದ ಮೇಸ್ತ್ರಿ. "ಇಲ್ಲಿ ನೀರು ಹೊಂದೂತನಕ ಹಿಂಗ ಮಾಡತೈತಿ."

ಇಬ್ಬರೂ ನಕ್ಕರು. ಅಪ್ಪ ನಗಲಿಲ್ಲ. ಎದ್ದು ಕಪಾಟಿನ ಬಳಿ ಹೋಗಿ ಎರಡೂ ಅರೆಗಳಿಂದ ಒಂದೊಂದು ಹಾಳೆ ಎಳೆದರು. ಅವನ್ನು ಕಿಟಕಿಗೆ ಒಯ್ದು, ಕೆನ್ನೆಗೆ ಹತ್ತಿರ ಹಿಡಿದು, ಒಂದಾದ ಮೇಲೊಂದು ಬಿಸಿಲಿಗೆ ಓರೆ ಮಾಡಿದರು. ಆಮೇಲೆ ಎರಡನ್ನೂ ಆಯಾ ಅರೆಗಳಿಗೇ ಇಟ್ಟರು. ಊಟಕ್ಕೆ ಕೂತಾಗ ಕೇಳಿದರು.

"ಸುಣ್ಣಾ ಹಚ್ಚಿದ ಮ್ಯಾಲ ಕಪಾಟ ಯಾರ ಜೋಡಿಸಿದ್ರು?"

"ನಾನ್ರಿ" ಎಂದಳು ಅವ್ವ.

"ಮತ್ತ ನಿನ್ನೆ?"

"ನಾನ."

"ಇಕೀಗೂ ಗೊತ್ತೈತೇನ?" ಎಂದು ಅವರು ನಾನು ಕೂತ ದಿಕ್ಕಿಗೆ ಕೈ ತೋರಿಸಿದರು. ಅವ್ವ ಹೂಂ ಎಂದಳು. ಅಪ್ಪ ಪಲ್ಯದ ಕಡೆ ಕೈ ಚಾಚಿ ಊಟ ಮುಂದುವರಿಸಿದರು. ಇದರಿಂದ ನಿರಾಳವಾಯಿತೋ ಅವಮಾನವಾಯಿತೋ ಅವರ ಮುಖದಿಂದ ತಿಳಿಯುವಂತಿರಲಿಲ್ಲ.

ಪಾಡವ್ಯಾದ ದಿನ ಸಾವಕಾರರು ಬಂದರು. ಅವ್ವ ಪೆಟ್ಟಿಗೆಗೆ ಕುಂಕುಮ ಹಚ್ಚಿ ಚೆಂಡುಹೂ ಇಟ್ಟಿದ್ದಳು. ಯಂತ್ರ ಚೆನ್ನಾಗಿಯೇ ನಡೆಯಿತು. ಆದರೆ ಅದರಲ್ಲಿ ಹಿಡಿದದ್ದು ಒಂದೇ ಹೂವು. ಇಡೀ ದಡಿಗೆ ಅದರ ನೆನಪು ಸಾಲದು ಎಂದು ಕಾಕಾ ತೊದಲಿದ. ಸಾವಕಾರರು ಚಹಾ ಬಟ್ಟಲು ಕೆಳಗಿಟ್ಟು ಪರದೆಗೆ ಬೆರಳು ಮಾಡಿದರು.

"ಮಾಸ್ತರ, ಈ ಹೂವಿನ ಬಲಕ್ಕ ಒಂದು ಎಲಿ ಬಂದ್ರ? ಎಲ್ಲಿಂದ ಎಬ್ಬಸ್ತೀರಿ, ತೋರಸ್ರಿ."

ಅಪ್ಪ ಎದ್ದರು. ಪರದೆಯವರೆಗೆ ಹೋದರು. ಕಾಕಾ ಗುಂಡಿಯ ಮೇಲೆ ಬೆರಳಿಟ್ಟು ಕಾಯುತ್ತಿದ್ದ. ಅಪ್ಪ ಕೈ ಎತ್ತಿದವರು ಹಾಗೆಯೇ ಇಳಿಸಿದರು.

"ನನಗ ಬೆಳಕು ಕಾಣತೈತ್ರಿ. ಗೆರಿ ಕಾಣಂಗಿಲ್ಲ."

"ಯಂತ್ರದಾಗ?"

"ಕಾಗದದಾಗೂ. ಭಾಳ ದಿನಾ ಆತ್ರಿ."

ಕಾಕಾ ಗುಂಡಿಯಿಂದ ಬೆರಳು ತೆಗೆದ. ಅವನಿಗೆ ಏನೂ ಗೊತ್ತಿರಲಿಲ್ಲ. ಅಣ್ಣನ ಮುಖವನ್ನೇ ನೋಡುತ್ತ ಕೂತ. ಸಾವಕಾರರು ಪೆಟ್ಟಿಗೆಯ ಎಲೆಯಾಕಾರದ ಸಂದಿಯ ಮೇಲೆ ಬೆರಳಾಡಿಸಿದರು.

"ಮತ್ತ ಈ ಪೆಟಗಿ ನಕ್ಷಾ?"

"ನಂದ್ರಿ. ಮೂರನೇ ಸಲ ಸರಿ ಬಂತು."

"ಇನ್ನ ಮುಂದ ದಡಿ ಯಾರ ತುಂಬತಾರ?"

"ಹುಡಿಗಿ ತುಂಬತಾಳ. ಕೈ ನೆಟ್ಟಗೈತಿ. ತಲಿ ಇನ್ನೂ ಗೊಂದಲದಾಗ ಐತಿ."

"ತಲಿ ನಿಮ್ಮದೈತಲ್ಲ" ಎಂದರು ಸಾವಕಾರರು. ಎದ್ದು ಟೋಪಿ ಸರಿ ಮಾಡಿಕೊಂಡರು. "ಪಾಡವ್ಯಾ ದಿನ ಇಲ್ಲ ಅನ್ನಬಾರದು. ಒಂದು ದಡಿ ಮಾಡಿ ಕಳಸ್ರಿ. ಮಗ್ಗದ ಮ್ಯಾಲ ನೋಡೂಣು."

ನನ್ನನ್ನು ಯಾರೂ ಕೇಳಿರಲಿಲ್ಲ. ಆ ದಡಿ ಮಗ್ಗ ಏರಿತು, ಅದರ ನಂತರದವೂ ಏರಿದವು. ನಾನು ಕೊಲ್ಹಾಪುರದ ಕಾಲೇಜಿಗೆ ಹೋಗುವವರೆಗೆ ನಕ್ಷೆಯ ಕೆಲಸ ನಮ್ಮ ಮನೆಯಲ್ಲೇ ಇತ್ತು. ಕಾಕಾ ಪೆಟ್ಟಿಗೆಯನ್ನು ಯಂತ್ರದ ಸಮೇತ ತನ್ನ ಅಂಗಡಿಗೆ ಒಯ್ದ, ಗಿರಾಕಿಗಳಿಗೆ ಅದರಲ್ಲಿ ಆಟ ಆಡಿಸುತ್ತಿದ್ದನಂತೆ. ಆದರೆ ನನಗೆ ಬೇಕಾದ ನೆನಪು ಪಾಡವ್ಯಾದ ಮರುದಿನದ್ದು. ಶಾಲೆಗೆ ರಜೆ. ಅಪ್ಪ ಮೇಜಿನ ಈಚೆ, ನಾನು ಆಚೆ, ನಡುವೆ ನೇಯ್ಗೆಯ ಕಾಗದ. ಅಪ್ಪ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರು. ಮೂರು ತುಂಬು, ಎರಡು ಬಿಡು, ಒಂದು ತುಂಬು, ಕೆಳಗಿಳಿ. ನನ್ನ ಕೈ ಓಡುವುದಕ್ಕಿಂತ ಬೇಗ ಹೇಳುತ್ತಿದ್ದರು. ಕಾಗದದ ಮೇಲೆ ಕೆಂಪು ಚುಕ್ಕೆಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು. ಅದು ಬಳ್ಳಿಯೋ, ಹಕ್ಕಿಯೋ, ಯಾವ ಕಡೆ ಹೊರಟಿದೆಯೋ ತಿಳಿಯಲಿಲ್ಲ. ಕೊನೆಗೆ ಕುಂಚ ಎತ್ತಿ ಹಿಡಿದೆ.

"ಅಪ್ಪಾ, ಇದೇನು ಅಂತ ನನಗ ತಿಳೀವಲ್ದು."

"ತಿಳಿಯಂಗಿಲ್ಲ. ತುಂಬಕೋತ ಹೋಗು" ಎಂದರು ಅಪ್ಪ. "ಕಾಣಿಸಿದ ಕೂಡಲೆ ನನಗ ಹೇಳು."